ಸಂಶಯವನ್ನು ತಡೆಹಿಡಿದ ಗುಪ್ತಚರ ಮುಖ್ಯಸ್ಥ

1973ರ ಅಕ್ಟೋಬರ್ 6ರ ಮಧ್ಯಾಹ್ನ ಎರಡರ ಹೊತ್ತಿಗೆ ಈಜಿಪ್ಟಿನ ಸೇನೆ ಸುಯೆಜ್ ಕಾಲುವೆ ದಾಟತೊಡಗಿತು. ಅದೇ ವೇಳೆಗೆ ಸಿರಿಯಾದ ಟ್ಯಾಂಕುಗಳು ಗೋಲನ್ ಪ್ರಸ್ಥಭೂಮಿಗೆ ನುಗ್ಗಿದವು. ಅಂದು ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದ ದಿನ. ಆರು ವರ್ಷಗಳ ಹಿಂದೆ ಆರೇ ದಿನಗಳಲ್ಲಿ ಮೂರು ದೇಶಗಳನ್ನು ಸೋಲಿಸಿದ್ದ ಇಸ್ರೇಲ್, ಈ ಬಾರಿ ಮೀಸಲು ಪಡೆ ಗಡಿ ಮುಟ್ಟುವ ಮೊದಲೇ ಪೆಟ್ಟು ತಿಂದಿತು. ಆ ಪೆಟ್ಟಿನ ಹೊಣೆಯನ್ನು ಅಲ್ಲಿನ ಜನ ಹೆಚ್ಚಾಗಿ ಹೊರಿಸಿದ್ದು ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥ ಮೇಜರ್ ಜನರಲ್ ಎಲಿ ಝೈರಾ ಅವರ ಮೇಲೆ. ಹಿಂದಿನ ದಿನದವರೆಗೂ ಯುದ್ಧದ ಸಂಭವ ಕಡಿಮೆ ಎನ್ನುತ್ತಾ ಬಂದವರು ಅವರು. ಹಾಗಾಗಿ ಅಂದಾಜು ತಪ್ಪಿದ ಅಧಿಕಾರಿ ಎಂದೇ ಅವರ ಹೆಸರು ಇತಿಹಾಸದಲ್ಲಿ ಉಳಿದಿದೆ. ಈ ತೀರ್ಪು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಶತ್ರುವಿನ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಕೆಲಸದಲ್ಲಿ ಯಾರೂ ತಪ್ಪಬಹುದು. ತಪ್ಪಿದ ಮಾತ್ರಕ್ಕೆ ಒಬ್ಬ ಅಧಿಕಾರಿಯನ್ನು ದೂಷಿಸುವುದು ನ್ಯಾಯವಲ್ಲ. ಝೈರಾ ಅವರ ದೋಷ ಇರುವುದು ಬೇರೆ ಕಡೆ. ತಮ್ಮ ಅಂದಾಜಿಗೆ ವಿರುದ್ಧವಾಗಿದ್ದ ಸಾಕ್ಷ್ಯವನ್ನೂ, ಆ ಅಂದಾಜು ಎಷ್ಟು ಸಡಿಲವಾದ ಬುನಾದಿಯ ಮೇಲೆ ನಿಂತಿತ್ತು ಎಂಬುದನ್ನೂ, ನಿರ್ಧಾರ ಮಾಡಬೇಕಾದವರಿಗೆ ಅವರು ಹೊತ್ತಿಗೆ ಸರಿಯಾಗಿ ತಲುಪಿಸಲಿಲ್ಲ. ತಮ್ಮದಲ್ಲದ ಒಂದು ನಿರ್ಧಾರವನ್ನು ಹೀಗೆ ತಾವೇ ಮಾಡಿಬಿಟ್ಟರು.

ಝೈರಾ ಅವರು ಅಯೋಗ್ಯರಾಗಿದ್ದರು ಎಂದು ಅವರ ವಿರೋಧಿಗಳೂ ಹೇಳುವುದಿಲ್ಲ. 1928ರಲ್ಲಿ ಹೈಫಾದಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಪಾಲ್ಮಾಖ್ ಪಡೆ ಸೇರಿ 1948ರ ಯುದ್ಧದಲ್ಲಿ ಹೋರಾಡಿದವರು. ಮೋಶೆ ದಯಾನ್ ಸೇನಾ ಮುಖ್ಯಸ್ಥರಾಗಿದ್ದಾಗ ಅವರ ಕಚೇರಿಯ ಹೊಣೆ ಹೊತ್ತಿದ್ದರು, ಮುಂದೆ ಪ್ಯಾರಾಟ್ರೂಪರ್ ಬ್ರಿಗೇಡನ್ನು ಮುನ್ನಡೆಸಿದರು, ವಾಷಿಂಗ್ಟನ್ನಿನಲ್ಲಿ ಸೇನಾ ಪ್ರತಿನಿಧಿಯಾಗಿದ್ದರು. 1972ರಲ್ಲಿ ಅಹರೋನ್ ಯಾರಿವ್ ಅವರಿಂದ ಸೇನಾ ಗುಪ್ತಚರ ವಿಭಾಗದ, ಅಂದರೆ 'ಅಮಾನ್'ನ, ಅಧಿಕಾರ ವಹಿಸಿಕೊಂಡಾಗ ಮುಂದಿನ ಸೇನಾ ಮುಖ್ಯಸ್ಥರಾಗಬಲ್ಲವರ ಸಾಲಿನಲ್ಲಿ ಅವರ ಹೆಸರಿತ್ತು. ಚುರುಕು ಬುದ್ಧಿ, ಸ್ಪಷ್ಟ ಮಾತು, ತಮ್ಮ ತಿಳಿವಿನ ಮೇಲೆ ಅಪಾರ ಭರವಸೆ, ಇವು ಅವರ ಜೊತೆ ಕೆಲಸ ಮಾಡಿದವರೆಲ್ಲ ಗುರುತಿಸಿದ ಗುಣಗಳು. ಅವರು ಕುಳಿತ ಕುರ್ಚಿಯೂ ಸಾಮಾನ್ಯದ್ದಾಗಿರಲಿಲ್ಲ. ಹೊರದೇಶಗಳಲ್ಲಿ ಬೇಹುಗಾರಿಕೆ ನಡೆಸುತ್ತಿದ್ದ ಮೊಸಾದ್ ಮಾಹಿತಿ ತರುತ್ತಿತ್ತೇ ಹೊರತು, ಅದೆಲ್ಲವನ್ನೂ ತೂಗಿ ನೋಡಿ ಯುದ್ಧ ಬರುತ್ತದೋ ಇಲ್ಲವೋ ಎಂದು ದೇಶಕ್ಕೆ ಹೇಳುವ ಅಧಿಕಾರ ಆ ಕಾಲದಲ್ಲಿ ಅಮಾನ್ ಒಂದಕ್ಕೇ ಇತ್ತು. ಪ್ರಧಾನಿ, ರಕ್ಷಣಾ ಸಚಿವ, ಸೇನಾ ಮುಖ್ಯಸ್ಥ, ಮೂವರಿಗೂ ಅದೇ ಒಂದು ಮೂಲ. ಇಸ್ರೇಲಿನ ಸೇನೆಯ ರಚನೆಯಿಂದಾಗಿ ಈ ಅಧಿಕಾರದ ತೂಕ ಇನ್ನೂ ಹೆಚ್ಚಿತು. ಅಲ್ಲಿ ಕಾಯಂ ಸೈನಿಕರ ಸಂಖ್ಯೆ ಕಡಿಮೆ. ಸೇನೆಯ ಬಹುಪಾಲು ಅಂಗಡಿ, ಕಚೇರಿ, ಹೊಲಗಳಲ್ಲಿ ದುಡಿಯುವ ಮೀಸಲು ಪಡೆಯವರು. ಅವರನ್ನು ಕರೆಸಿ ಗಡಿಗೆ ಮುಟ್ಟಿಸಲು ಕನಿಷ್ಠ 48 ಗಂಟೆಗಳ ಮುನ್ಸೂಚನೆ ಬೇಕೆಂಬ ಲೆಕ್ಕದ ಮೇಲೆಯೇ ದೇಶದ ರಕ್ಷಣೆ ನಿಂತಿತ್ತು. ಆ ಮುನ್ಸೂಚನೆ ಕೊಟ್ಟೇ ಕೊಡುತ್ತೇವೆಂದು ಅಮಾನ್ ಭರವಸೆ ನೀಡಿತ್ತು. ಅಂದರೆ ಗುಪ್ತಚರ ಮುಖ್ಯಸ್ಥರ ಮಾತು ಬರೀ ಸಲಹೆಯಾಗಿರಲಿಲ್ಲ, ಅದೇ ಗಡಿಯ ಕಾವಲಾಗಿತ್ತು.

ಝೈರಾ ಅವರ ಅಂದಾಜಿನ ತಳಹದಿಯಾಗಿದ್ದ ಸಿದ್ಧಾಂತವನ್ನು ಅವರೇ ಕಟ್ಟಿದ್ದಲ್ಲ, ಅದು ಅವರಿಗೆ ಬಳುವಳಿಯಾಗಿ ಬಂದದ್ದು. ಇಸ್ರೇಲಿನ ವಾಯುನೆಲೆಗಳನ್ನು ಹೊಡೆಯಬಲ್ಲ ದೂರಗಾಮಿ ಬಾಂಬರುಗಳಾಗಲಿ, ಇಸ್ರೇಲಿನ ನಗರಗಳನ್ನು ಮುಟ್ಟಬಲ್ಲ ಸ್ಕಡ್ ಕ್ಷಿಪಣಿಗಳಾಗಲಿ ಸಿಗುವ ತನಕ ಈಜಿಪ್ಟ್ ಯುದ್ಧಕ್ಕಿಳಿಯುವುದಿಲ್ಲ. ಈಜಿಪ್ಟ್ ಇಳಿಯದೆ ಸಿರಿಯಾ ಒಂಟಿಯಾಗಿ ಇಳಿಯುವುದಿಲ್ಲ. ಇಷ್ಟೇ ಆ ಸಿದ್ಧಾಂತ. ಇದನ್ನು ಗಾಳಿಯಿಂದ ಹೆಕ್ಕಿದ್ದರೆ ಟೀಕೆ ಸುಲಭವಿತ್ತು. ಆದರೆ ಇದಕ್ಕೆ ಆಧಾರ ಇದ್ದದ್ದು ಕೈರೋದ ಅಧಿಕಾರದ ಒಳಮನೆಯಿಂದಲೇ ಬಂದ ದಾಖಲೆಗಳಲ್ಲಿ. ಅಧ್ಯಕ್ಷ ನಾಸರ್ ಅವರ ಅಳಿಯ ಅಶ್ರಫ್ ಮರ್ವಾನ್ 1970ರಿಂದ ಮೊಸಾದ್‌ನ ಸಂಪರ್ಕದಲ್ಲಿದ್ದರು. ಸೋವಿಯತ್ ಒಕ್ಕೂಟದ ಬಳಿ ಈಜಿಪ್ಟ್ ಏನೇನು ಶಸ್ತ್ರಾಸ್ತ್ರ ಕೇಳುತ್ತಿದೆ, ಅವಿಲ್ಲದೆ ಯಾಕೆ ಹಿಂಜರಿಯುತ್ತಿದೆ ಎಂಬುದು ಅವರು ತಂದ ಕಾಗದಗಳಿಂದ ಗೊತ್ತಾಗಿತ್ತು. ಕೆಲ ಕಾಲ ಆ ಸಿದ್ಧಾಂತ ನಿಜವೂ ಆಗಿತ್ತು. ತೊಂದರೆ ಶುರುವಾದದ್ದು 1972ರ ಅಕ್ಟೋಬರಿನಲ್ಲಿ. ಆ ತಿಂಗಳ ಕೊನೆಯ ವಾರ ಅಧ್ಯಕ್ಷ ಅನ್ವರ್ ಸಾದಾತ್ ತಮ್ಮ ಸೇನಾಪತಿಗಳನ್ನು ಕೂರಿಸಿಕೊಂಡು, ಇದ್ದ ಆಯುಧಗಳಲ್ಲೇ ಸೀಮಿತ ಯುದ್ಧ ಮಾಡಲೇಬೇಕೆಂದು ತಿಳಿಸಿದರು. ಒಪ್ಪದ ಯುದ್ಧ ಸಚಿವ ಮೊಹಮ್ಮದ್ ಸಾದೆಕ್ ಅವರನ್ನು ತೆಗೆದು ಅಹ್ಮದ್ ಇಸ್ಮಾಯಿಲ್ ಅವರನ್ನು ತಂದರು. ಸಿನಾಯ್ ಪೂರ್ತಿ ಗೆಲ್ಲುವ ಆಸೆ ಬಿಟ್ಟು, ಕಾಲುವೆ ದಾಟಿ ವಿಮಾನನಿರೋಧಕ ಕ್ಷಿಪಣಿಗಳ ರಕ್ಷಣೆ ಇರುವಷ್ಟು ದೂರ, ಸುಮಾರು ಹತ್ತು ಹನ್ನೆರಡು ಕಿಲೋಮೀಟರ್, ಹಿಡಿದು ಕೂರುವುದು ಹೊಸ ಯೋಜನೆ. ಅದಕ್ಕೆ ದೂರಗಾಮಿ ಬಾಂಬರುಗಳೇ ಬೇಡ. 1967ರಲ್ಲಿ ಕಳೆದುಕೊಂಡ ನೆಲದ ವಿಷಯದಲ್ಲಿ ಜಗತ್ತನ್ನು ಮಾತುಕತೆಗೆ ಎಳೆಯಲು ಅಷ್ಟು ಸಾಕು ಎಂಬುದು ಸಾದಾತ್ ಅವರ ಲೆಕ್ಕ. ಈ ಬದಲಾವಣೆಯ ಸುಳಿವು ಇಸ್ರೇಲಿಗೆ ಸಿಗದೆ ಇರಲಿಲ್ಲ. ಶತ್ರುವಿನ ಗುರಿಯೇ ಬದಲಾಗಿತ್ತು, ಅದನ್ನು ಅಳೆಯುವ ಅಮಾನ್‌ನ ಮಾನದಂಡ ಮಾತ್ರ ಹಾಗೆಯೇ ಉಳಿಯಿತು.

ಹಳೆಯ ಮಾನದಂಡವನ್ನು ಝೈರಾ ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಕ್ಕೆ ಒಂದು ಬಲವಾದ ಕಾರಣ ಅವರ ಗೆಲುವು. 1973ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಈಜಿಪ್ಟಿನಿಂದ ಯುದ್ಧದ ಸದ್ದು ಕೇಳಿಬಂದಿತ್ತು. ಸೇನಾ ಮುಖ್ಯಸ್ಥ ಡೇವಿಡ್ ಎಲಾಜರ್ ಅದನ್ನು ಗಂಭೀರವಾಗಿ ತೆಗೆದುಕೊಂಡು 'ನೀಲಿ-ಬಿಳಿ' ಎಂಬ ಹೆಸರಿನ ಕಟ್ಟೆಚ್ಚರ ಘೋಷಿಸಿದರು; ಹೊಸ ಘಟಕಗಳ ರಚನೆಯನ್ನು ಚುರುಕುಗೊಳಿಸಿದರು, ಬೊಕ್ಕಸದಿಂದ ದೊಡ್ಡ ಮೊತ್ತ ಖರ್ಚಾಯಿತು. ಯುದ್ಧದ ಸಂಭವ ತೀರ ಕಡಿಮೆ ಎಂದು ಝೈರಾ ಆಗಲೂ ಹೇಳಿದ್ದರು. ಯುದ್ಧ ಬರಲಿಲ್ಲ. ದೊಡ್ಡವರೆಲ್ಲ ಬೆದರಿದಾಗ ಬೆದರದೆ ನಿಂತವರು ಎಂಬ ಕೀರ್ತಿ ಅವರಿಗೆ ಬಂತು. ಐದು ತಿಂಗಳ ನಂತರ ಅಂಥದೇ ಸನ್ನಿವೇಶ ಎದುರಾದಾಗ ಈ ಕೀರ್ತಿ ಎರಡು ರೀತಿಯಲ್ಲಿ ಕೆಡುಕು ಮಾಡಿತು. ಝೈರಾ ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವುದು ಕಡಿಮೆಯಾಯಿತು, ಅವರನ್ನು ಪ್ರಶ್ನಿಸಬೇಕಾದವರ ದನಿಯೂ ಕುಗ್ಗಿತು. ಒಮ್ಮೆ ಸರಿಯಾದ ಅಂದಾಜು ಮತ್ತೊಮ್ಮೆ ಸರಿಯಾಗುತ್ತದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ಮೇ ತಿಂಗಳಲ್ಲಿ ಯುದ್ಧ ಬರದೇ ಇದ್ದದ್ದು ಸಿದ್ಧಾಂತ ಸರಿಯಿದ್ದ ಕಾರಣಕ್ಕೋ, ಬೇರೇನಾದರೂ ಕಾರಣಕ್ಕೋ ಎಂದು ಆಗಲೇ ಕೂತು ಪರಿಶೀಲಿಸಬೇಕಿತ್ತು. ಆ ಪರಿಶೀಲನೆ ಸರಿಯಾಗಿ ನಡೆದ ಕುರುಹು ಕಾಣುವುದಿಲ್ಲ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 5ರ ಸಂಜೆಯವರೆಗೆ ಅಮಾನ್‌ನ ಮೇಜಿಗೆ ಬಂದ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಾಹಿತಿಯ ಕೊರತೆ ಇತ್ತು ಎಂದು ಯಾರೂ ಹೇಳಲಾರರು. ಸೆಪ್ಟೆಂಬರ್ 25ರಂದು ಜೋರ್ಡಾನಿನ ದೊರೆ ಹುಸೇನ್ ಗುಟ್ಟಾಗಿ ಇಸ್ರೇಲಿಗೆ ಬಂದು, ಸಿರಿಯಾದ ಸೇನೆ ದಾಳಿಗೆ ಸಜ್ಜಾದ ಸ್ಥಿತಿಯಲ್ಲಿ ನಿಂತಿದೆ ಎಂದು ಪ್ರಧಾನಿ ಗೋಲ್ಡಾ ಮೇಯರ್ ಅವರಿಗೆ ಖುದ್ದಾಗಿ ತಿಳಿಸಿದರು. ಅಕ್ಟೋಬರ್ 1ರಿಂದ ಈಜಿಪ್ಟ್ 'ತಹ್ರೀರ್ 41' ಎಂಬ ದೊಡ್ಡ ಕವಾಯತು ಶುರುಮಾಡಿತು. ಅದೇ ದಿನ ದಕ್ಷಿಣ ಕಮಾಂಡಿನ ಯುವ ಗುಪ್ತಚರ ಅಧಿಕಾರಿ ಲೆಫ್ಟಿನೆಂಟ್ ಬೆಂಜಮಿನ್ ಸಿಮಾನ್-ತೋವ್, ಈ ಕವಾಯತು ನಿಜವಾದ ದಾಳಿಗೆ ಹಾಕಿದ ಮುಸುಕಾಗಿರಬಹುದು ಎಂದು ವರದಿ ಬರೆದರು. 3ರಂದು ಮತ್ತೊಂದು ಬರೆದರು. ಅವರ ಮೇಲಧಿಕಾರಿ ಅವನ್ನು ಅಲ್ಲೇ ಇಟ್ಟುಕೊಂಡದ್ದರಿಂದ ಅವು ಮುಖ್ಯ ಕಚೇರಿಗೆ ತಲುಪಲಿಲ್ಲ. ಅಕ್ಟೋಬರ್ 4ರ ರಾತ್ರಿ ಸೋವಿಯತ್ ವಿಮಾನಗಳು ಈಜಿಪ್ಟ್ ಮತ್ತು ಸಿರಿಯಾಗಳಿಂದ ಸೋವಿಯತ್ ಸಲಹೆಗಾರರ ಹೆಂಡತಿ ಮಕ್ಕಳನ್ನು ಅವಸರವಸರವಾಗಿ ಕರೆದೊಯ್ಯತೊಡಗಿದವು. ಅದೇ ದಿನ ತೆಗೆದ ವೈಮಾನಿಕ ಚಿತ್ರಗಳಲ್ಲಿ ಕಾಲುವೆಯ ಆಚೆ ದಡದ ಸೇನೆ ಹಿಂದೆಂದೂ ಕಾಣದಷ್ಟು ದಟ್ಟವಾಗಿತ್ತು. ಸೆಪ್ಟೆಂಬರ್ 25ರಂದು 800ರಷ್ಟಿದ್ದ ಫಿರಂಗಿಗಳು ಈಗ ಸುಮಾರು 1,100. ಸೇತುವೆ ಕಟ್ಟುವ ಸಾಮಗ್ರಿಯೂ ಕಾಲುವೆಯ ಹತ್ತಿರಕ್ಕೆ ಬಂದಿತ್ತು.

ಈ ಎಲ್ಲದರ ನಡುವೆ ಅಕ್ಟೋಬರ್ 5ರಂದು ಅಮಾನ್ ಹೊರಡಿಸಿದ ವರದಿಯನ್ನು ಹತ್ತಿರದಿಂದ ನೋಡಬೇಕು. ಮೊದಲ 39 ಪರಿಚ್ಛೇದಗಳಲ್ಲಿ ಈಜಿಪ್ಟಿನ ಸೇನೆಯ ಚಲನವಲನದ ವಿವರಗಳಿವೆ. ಎಲ್ಲಿ ಎಷ್ಟು ಫಿರಂಗಿ ಹೆಚ್ಚಿತು, ಯಾವ ಘಟಕ ಮುಂದೆ ಬಂತು, ತುರ್ತುಸ್ಥಿತಿಯ ಯಾವ ಕ್ರಮಗಳು ಜಾರಿಯಾದವು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಲಾಗಿದೆ. ಓದುತ್ತಾ ಹೋದವನಿಗೆ ಯುದ್ಧ ಕಣ್ಣೆದುರೇ ಕಟ್ಟುತ್ತದೆ. 40ನೆಯ ಪರಿಚ್ಛೇದದಲ್ಲಿ ವರದಿ ಒಮ್ಮೆಗೇ ದಿಕ್ಕು ಬದಲಿಸುತ್ತದೆ. ಈ ಸಿದ್ಧತೆಯಲ್ಲಿ ದಾಳಿಯ ಲಕ್ಷಣಗಳಿರುವಂತೆ ತೋರಿದರೂ, ಉಭಯ ಸೇನೆಗಳ ಬಲಾಬಲದ ಬಗ್ಗೆ ಈಜಿಪ್ಟಿನ ಲೆಕ್ಕಾಚಾರ ಬದಲಾಗಿಲ್ಲ, ಆದ್ದರಿಂದ ಯುದ್ಧದ ಸಂಭವ ಕಡಿಮೆ ಎಂಬುದು ಅದರ ಸಾರ. ಇದನ್ನು ಬರೆದವರು ಈಜಿಪ್ಟ್ ವಿಭಾಗ ನೋಡಿಕೊಳ್ಳುತ್ತಿದ್ದ ಯೋನಾ ಬಂಡ್ಮನ್. ಆದರೆ ಅದು ಝೈರಾ ಅವರದೇ ನಿಲುವು. ಹೊಸ ಸಾಕ್ಷ್ಯ 39 ಪರಿಚ್ಛೇದಗಳಷ್ಟು ಇತ್ತು, ಅದನ್ನು ಹಳೆಯ ಸಿದ್ಧಾಂತದ ಒಂದು ಪರಿಚ್ಛೇದ ತಳ್ಳಿಹಾಕಿತು. ಸಾಕ್ಷ್ಯ ಸಿದ್ಧಾಂತವನ್ನು ಪರೀಕ್ಷಿಸಬೇಕಾದ ಜಾಗದಲ್ಲಿ ಸಿದ್ಧಾಂತವೇ ಸಾಕ್ಷ್ಯದ ಮೇಲೆ ತೀರ್ಪು ಕೊಟ್ಟಿತು. ಇಷ್ಟಾದರೂ ಈ ವರದಿಯಲ್ಲಿ ಒಂದು ಪ್ರಾಮಾಣಿಕತೆ ಇದೆ ಎಂದು ಒಪ್ಪಬೇಕು. ವಿವರಗಳು ಅಲ್ಲೇ ಇದ್ದುದರಿಂದ, ಓದಿದವರು ಬೇಕಾದರೆ ಬೇರೆ ತೀರ್ಮಾನಕ್ಕೆ ಬರಬಹುದಿತ್ತು. ಝೈರಾ ಅವರ ವೃತ್ತಿಜೀವನ ಇಲ್ಲಿಗೇ ನಿಂತಿದ್ದರೆ ಅವರನ್ನು ಅಂದಾಜು ತಪ್ಪಿದ ಅಧಿಕಾರಿ ಎಂದಷ್ಟೇ ಕರೆದು ಸುಮ್ಮನಾಗಬಹುದಿತ್ತು.

ಆದರೆ ವರದಿಯ ಹೊರಗೆ ನಡೆದ ಎರಡು ಸಂಗತಿಗಳಿವೆ, ನನ್ನ ವಾದ ನಿಂತಿರುವುದು ಅವುಗಳ ಮೇಲೆ. ಮೊದಲನೆಯದು, ದಾಖಲೆಗಳಲ್ಲಿ 'ವಿಶೇಷ ಸಾಧನಗಳು' ಎಂದು ಕರೆದಿರುವ ಕದ್ದಾಲಿಕೆ ಉಪಕರಣಗಳು. ಈಜಿಪ್ಟಿನ ಸಂಪರ್ಕ ತಂತಿಗಳಿಗೆ ಇವನ್ನು ಗುಟ್ಟಾಗಿ ಅಳವಡಿಸಲಾಗಿತ್ತು. ಸದಾ ಚಾಲೂ ಇಟ್ಟರೆ ಪತ್ತೆಯಾಗುವ ಅಪಾಯವಿತ್ತು; ಅದಕ್ಕೇ ಅವನ್ನು ಯುದ್ಧದ ಸೂಚನೆ ಕಂಡಾಗ ಬಳಸಲೆಂದು ಕಾದಿರಿಸಲಾಗಿತ್ತು. ಆ ವಾರ ಕದ್ದಾಲಿಕೆ ಘಟಕದ ಮುಖ್ಯಸ್ಥ ಯೋಯೆಲ್ ಬೆನ್-ಪೊರಾತ್ ಅವನ್ನು ಚಾಲೂ ಮಾಡಲು ಕೇಳಿದರು, ತಮ್ಮ ಘಟಕದ ಮೀಸಲು ಸಿಬ್ಬಂದಿಯನ್ನು ಕರೆಸಿಕೊಳ್ಳಲೂ ಅನುಮತಿ ಕೋರಿದರು. ಝೈರಾ ಒಪ್ಪಲಿಲ್ಲ. ದೇಶದ ಜನರ ನರಗಳನ್ನು ಶಾಂತವಾಗಿಡುವುದೂ ಗುಪ್ತಚರರ ಕೆಲಸ ಎಂಬರ್ಥದ ಮಾತು ಹೇಳಿದರೆಂದು ಬೆನ್-ಪೊರಾತ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ನಿರಾಕರಣೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ಆ ಉಪಕರಣಗಳು ಕೆಲಸ ಮಾಡುತ್ತಿವೆ, ಅವುಗಳಿಂದ ಅನುಮಾನ ಹುಟ್ಟಿಸುವ ಸುದ್ದಿಯೇನೂ ಬಂದಿಲ್ಲ ಎಂದು ಎಲಾಜರ್ ನಂಬಿದ್ದರು. ಆಗ ರಕ್ಷಣಾ ಸಚಿವರಾಗಿದ್ದ ದಯಾನ್ ಅವರ ತಿಳಿವಳಿಕೆಯೂ ಅದೇ ಆಗಿತ್ತು. ಅವರ ನೆಮ್ಮದಿಗೆ ಇದೊಂದು ದೊಡ್ಡ ಕಾರಣ. ಕಿವಿಗೊಟ್ಟು ಆಲಿಸಿಯೂ ಏನೂ ಕೇಳಿಸದಿದ್ದರೆ ಅದು ಒಂದು ಸಾಕ್ಷ್ಯ. ಆಲಿಸದೆಯೇ ಏನೂ ಕೇಳಿಸಿಲ್ಲ ಎಂದರೆ ಅದು ಸಾಕ್ಷ್ಯವಾಗುವುದಿಲ್ಲ. ಈ ವ್ಯತ್ಯಾಸ ಸೇನಾ ಮುಖ್ಯಸ್ಥರಿಗೆ ಗೊತ್ತಿರಲಿಲ್ಲ, ಗುಪ್ತಚರ ಮುಖ್ಯಸ್ಥರಿಗೆ ಗೊತ್ತಿತ್ತು.

ಎರಡನೆಯದು ಅಕ್ಟೋಬರ್ 5ರ ಸಂಜೆ ಸಿಕ್ಕ ಒಂದು ಸಂದೇಶ. ಮಾಸ್ಕೋದಲ್ಲಿದ್ದ ಇರಾಕಿನ ರಾಯಭಾರಿ ತಮ್ಮ ಸರ್ಕಾರಕ್ಕೆ ಕಳಿಸಿದ ಸುದ್ದಿಯನ್ನು ಅಮಾನ್‌ನ ಕದ್ದಾಲಿಕೆ ಘಟಕ ಹಿಡಿದಿತ್ತು. ಸೋವಿಯತ್ ಕುಟುಂಬಗಳನ್ನು ಕರೆದೊಯ್ಯುತ್ತಿರುವುದು ಈಜಿಪ್ಟ್ ಮತ್ತು ಸಿರಿಯಾ ಯುದ್ಧ ಆರಂಭಿಸಲಿರುವುದರಿಂದ ಎಂದು ಅದರಲ್ಲಿತ್ತು. ಇಡೀ ದಿನ ಅಮಾನ್‌ನ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ನೇರ ಉತ್ತರವದು. ಝೈರಾ ಅದನ್ನು ಕೂಡಲೇ ಹಂಚಲಿಲ್ಲ. ಮೊಸಾದ್ ಮುಖ್ಯಸ್ಥ ಝ್ವಿ ಝಮೀರ್ ಅದೇ ರಾತ್ರಿ ಲಂಡನ್ನಿನಲ್ಲಿ ಮರ್ವಾನ್ ಅವರನ್ನು ಭೇಟಿಯಾಗುವವರಿದ್ದರು. ಅಲ್ಲಿಂದ ಖಚಿತ ಸುದ್ದಿ ಬರಲಿ ಎಂದು ಈ ಸಂದೇಶವನ್ನು ಗಂಟೆಗಟ್ಟಲೆ ತಡೆಹಿಡಿದರು. ಅದು ಎಲಾಜರ್ ಅವರ ಕೈಸೇರಿದ್ದು ಮರುದಿನ ಬೆಳಿಗ್ಗೆ. ಆ ಸಂಜೆಯೇ ತಲುಪಿದ್ದರೆ ಮೀಸಲು ಪಡೆಯನ್ನು ಕರೆಸುವಂತೆ ಕೇಳುತ್ತಿದ್ದೆ ಎಂದು ಎಲಾಜರ್ ಮುಂದೆ ಹೇಳಿದರು. ಲಂಡನ್ನಿನಲ್ಲಿ ಮರ್ವಾನ್ ಮರುದಿನವೇ ಯುದ್ಧ ಎಂದು ತಿಳಿಸಿದರು, ಸೂರ್ಯಾಸ್ತದ ಹೊತ್ತಿಗೆ ದಾಳಿ ಎಂದರು. ಬೆಳಗಿನ ಜಾವ ಸುದ್ದಿ ಮುಟ್ಟಿ ಎಲಾಜರ್ ಹಾಸಿಗೆಯಿಂದೆದ್ದಾಗ ಉಳಿದಿದ್ದದ್ದು ಹತ್ತು ಗಂಟೆಗೂ ಕಡಿಮೆ. ದಾಳಿ ಹೇಳಿದ್ದಕ್ಕಿಂತ ನಾಲ್ಕು ಗಂಟೆ ಮೊದಲೇ ನಡೆಯಿತು. ಗೋಲನ್‌ನಲ್ಲಿ 180ರಷ್ಟು ಇಸ್ರೇಲಿ ಟ್ಯಾಂಕುಗಳ ಎದುರು ಸಿರಿಯಾದ ಸುಮಾರು 1,400 ಟ್ಯಾಂಕುಗಳಿದ್ದವು. ಕಾಲುವೆಯ ಉದ್ದಕ್ಕೂ ಇದ್ದ ಕೋಟೆಠಾಣೆಗಳಲ್ಲಿ ಕಾವಲಿದ್ದವರು ಸುಮಾರು 450 ಜನ, ಅವರಲ್ಲಿ ಬಹುಮಂದಿ ಮೀಸಲು ಪಡೆಯವರು. ಮುಂದಿನ ವಾರಗಳಲ್ಲಿ ಇಸ್ರೇಲ್ ಚೇತರಿಸಿಕೊಂಡು ಕಾಲುವೆಯನ್ನು ದಾಟಿತು ನಿಜ. ಅಷ್ಟರಲ್ಲಿ ಆ ಪುಟ್ಟ ದೇಶದ 2,600ಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಈಜಿಪ್ಟ್ ಮತ್ತು ಸಿರಿಯಾಗಳಲ್ಲಿ ಸತ್ತವರ ಸಂಖ್ಯೆ ಅದಕ್ಕಿಂತ ಹಲವು ಪಟ್ಟು.

ಝೈರಾ ಅವರ ಪರವಾಗಿ ಹೇಳುವ ಮಾತುಗಳೂ ಹಗುರವಲ್ಲ. ಮೊದಲನೆಯದು, ಈಜಿಪ್ಟಿನವರ ಮೋಸದ ತಂತ್ರ ಅಷ್ಟು ಚೆನ್ನಾಗಿತ್ತು ಎಂಬುದು. ಆ ವರ್ಷ ಅವರು ಮೀಸಲು ಪಡೆಯನ್ನು ಮತ್ತೆ ಮತ್ತೆ ಕರೆಸಿ ವಾಪಸು ಕಳಿಸಿದ್ದರು, ನೋಡಿ ನೋಡಿ ಕಣ್ಣಿಗೆ ಒಗ್ಗಿಹೋಗಲಿ ಎಂದೇ. ದಾಳಿಗೆ ಮುನ್ನ ಕಾಲುವೆ ದಡದಲ್ಲಿ ಸೈನಿಕರು ಆರಾಮವಾಗಿ ಕಾಲ ಕಳೆಯುವಂತೆ ನಟಿಸಿದರು. ಅಮೆರಿಕದ ಗುಪ್ತಚರ ಸಂಸ್ಥೆಗಳೂ ಯುದ್ಧ ಬರಲಾರದೆಂದೇ ಭಾವಿಸಿದ್ದವು. ಮುಗಿದ ಮೇಲೆ ಸುಳಿವುಗಳನ್ನು ಸಾಲಾಗಿ ಜೋಡಿಸುವುದು ಯಾರಿಗೂ ಸುಲಭ, ನಡೆಯುವಾಗ ನೂರು ಸದ್ದುಗಳ ನಡುವೆ ಒಂದು ದನಿಯನ್ನು ಗುರುತಿಸುವುದು ಕಷ್ಟ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಂದಾಜು ಯಾಕೆ ತಪ್ಪಿತು ಎಂಬುದಕ್ಕೆ ಇದು ಸರಿಯಾದ ಸಮಜಾಯಿಷಿ. ಉಪಕರಣಗಳ ವಿಷಯದಲ್ಲಿ ಮೇಲಿನವರು ತಪ್ಪು ತಿಳಿದುಕೊಂಡಿದ್ದಕ್ಕೆ, ಇರಾಕಿ ರಾಯಭಾರಿಯ ಸಂದೇಶ ರಾತ್ರಿಯಿಡೀ ತಡವಾದದ್ದಕ್ಕೆ ಇದು ಸಮಜಾಯಿಷಿ ಆಗುವುದಿಲ್ಲ. ಆ ಎರಡನ್ನೂ ಮಾಡಿದ್ದು ಈಜಿಪ್ಟಿನವರಲ್ಲ. ಶತ್ರುವಿನ ಮೋಸಕ್ಕೆ ಬಲಿಯಾಗುವುದು ಒಂದು, ತನ್ನ ಕೈಯಲ್ಲಿದ್ದ ಸುದ್ದಿಯನ್ನು ತಾನೇ ತಡೆಯುವುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಗಂಟು ಕಟ್ಟಿದ್ದರಿಂದಲೇ ಐವತ್ತು ವರ್ಷಗಳ ಚರ್ಚೆ ಇಷ್ಟು ಗೋಜಲಾಗಿದೆ.

ಎರಡನೆಯ ಆಕ್ಷೇಪ ಝೈರಾ ಅವರೇ ಎತ್ತಿದ್ದು. ಗುಪ್ತಚರ ಮುಖ್ಯಸ್ಥ ಸೇನಾ ಮುಖ್ಯಸ್ಥನಿಗೆ ಮಾಡಬಹುದಾದ ದೊಡ್ಡ ಸಹಾಯ ಸ್ಪಷ್ಟವೂ ಖಚಿತವೂ ಆದ ಅಂದಾಜು ಕೊಡುವುದು. ಅದು ತಪ್ಪಿದರೆ ತಪ್ಪೂ ಅಷ್ಟೇ ಸ್ಪಷ್ಟವಾಗಿರುತ್ತದೆ, ಆ ಅಪಾಯವನ್ನು ಆತ ಹೊರಲೇಬೇಕು ಎಂಬರ್ಥದ ಮಾತನ್ನು ಅವರು ಯುದ್ಧದ ನಂತರದ ತನಿಖಾ ಆಯೋಗದ ಮುಂದೆ ಹೇಳಿದರು. ಈ ಮಾತಿನಲ್ಲಿ ಧೈರ್ಯವಿದೆ, ಒಂದಿಷ್ಟು ಸತ್ಯವೂ ಇದೆ. ಆಗಬಹುದು ಆಗದಿರಬಹುದು ಎಂದು ಹೇಳಿ ಜಾರಿಕೊಳ್ಳುವ ಅಧಿಕಾರಿಯಿಂದ ಯಾರಿಗೂ ಉಪಯೋಗವಿಲ್ಲ. ಪ್ರತಿ ಬಾರಿ ಹುಲಿ ಬಂತು ಎಂದು ಕೂಗಿದರೆ ಕೊನೆಗೆ ಕೇಳುವವರೂ ಇರುವುದಿಲ್ಲ. ಆದರೆ ಈ ವಾದದಲ್ಲಿ ಒಂದು ಬಿರುಕಿದೆ. ತಪ್ಪಿದರೆ ಅಪಾಯ ಹೊರುವವರು ಅಮಾನ್ ಮುಖ್ಯಸ್ಥರಾಗಿರಲಿಲ್ಲ. ಅವರು ಕಳೆದುಕೊಳ್ಳುವುದು ಹುದ್ದೆಯನ್ನು. ಕಾಲುವೆ ದಡದ ಠಾಣೆಯಲ್ಲಿದ್ದ ಸೈನಿಕ ಕಳೆದುಕೊಳ್ಳುವುದು ಜೀವವನ್ನು. ಯುದ್ಧದ ಸಂಭವ ಎಷ್ಟು ಎಂದು ಹೇಳುವುದು ಗುಪ್ತಚರರ ಕೆಲಸ. ಅಷ್ಟು ಸಂಭವಕ್ಕೆ ಎಷ್ಟು ಸಿದ್ಧತೆ ಬೇಕು, ಅದಕ್ಕೆ ಎಷ್ಟು ಹಣ ಸುರಿಯಬಹುದು, ಎಷ್ಟು ಜೀವಗಳನ್ನು ಪಣಕ್ಕಿಡಬಹುದು ಎಂದು ತೀರ್ಮಾನಿಸುವುದು ಸರ್ಕಾರದ ಕೆಲಸ. ನನ್ನ ಅಂದಾಜಿನಲ್ಲಿ ಸಂಭವ ಕಡಿಮೆ, ಆದರೆ ಆ ಉಪಕರಣಗಳನ್ನು ನಾನಿನ್ನೂ ಬಳಸಿಲ್ಲ, ಸೋವಿಯತ್ ಕುಟುಂಬಗಳು ಯಾಕೆ ಹೊರಟವೆಂದು ನನಗೆ ತಿಳಿಯದು, ಇರಾಕಿನ ರಾಯಭಾರಿ ಹೀಗೆ ಹೇಳಿದ್ದಾರೆ ಎಂದು ಝೈರಾ ಹೇಳಬಹುದಿತ್ತು. ಅದರಿಂದ ಅವರ ಅಂದಾಜಿನ ಸ್ಪಷ್ಟತೆಗೆ ಏನೂ ಕುಂದಾಗುತ್ತಿರಲಿಲ್ಲ. ಅಷ್ಟು ಕೇಳಿಯೂ ಗೋಲ್ಡಾ ಮೇಯರ್ ಸುಮ್ಮನಿದ್ದಿದ್ದರೆ ಹೊಣೆ ಪೂರ್ತಿಯಾಗಿ ಅವರದೇ ಆಗುತ್ತಿತ್ತು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ನ್ಯಾಯವಾದದ್ದು: ಝೈರಾ ಒಬ್ಬರೇ ಯಾಕೆ? ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಶಿಮೋನ್ ಅಗ್ರನಾತ್ ನೇತೃತ್ವದ ಆಯೋಗ 1974ರ ಏಪ್ರಿಲ್‌ನಲ್ಲಿ ಕೊಟ್ಟ ಮಧ್ಯಂತರ ವರದಿಯಲ್ಲಿ ಝೈರಾ, ಅವರ ಸಂಶೋಧನಾ ವಿಭಾಗದ ಮುಖ್ಯಸ್ಥ ಅರ್ಯೆ ಶಾಲೆವ್, ಬಂಡ್ಮನ್ ಮುಂತಾದವರನ್ನು ಹುದ್ದೆಯಿಂದ ಕೆಳಗಿಳಿಸಲು ಶಿಫಾರಸು ಮಾಡಿತು. ಎಲಾಜರ್ ಅವರೂ ಹೋಗಬೇಕಾಯಿತು. ಎರಡೇ ವರ್ಷಕ್ಕೆ, ಐವತ್ತನೆಯ ವಯಸ್ಸಿಗೆ ಅವರು ತೀರಿಕೊಂಡರು. ರಾಜಕೀಯ ನಾಯಕರ ನಡೆಯನ್ನು ಮಾತ್ರ ಆಯೋಗ ತಪ್ಪೆನ್ನಲಿಲ್ಲ. ಜನ ಬೀದಿಗಿಳಿದರು, ಗೋಲ್ಡಾ ಮೇಯರ್ ರಾಜೀನಾಮೆ ಕೊಟ್ಟರು. ದಯಾನ್ ಅವರಂಥ ಅನುಭವಿ ಸೇನಾನಿ ವೈಮಾನಿಕ ಚಿತ್ರಗಳ ವಿವರ ತಿಳಿದೂ ಒಂದು ಇಲಾಖೆಯ ತೀರ್ಮಾನಕ್ಕೆ ಜೋತುಬಿದ್ದದ್ದು ಸಣ್ಣ ತಪ್ಪಲ್ಲ. ಗೋಲ್ಡಾ ಅವರೇ ತಮ್ಮ ಆತ್ಮಕಥೆಯಲ್ಲಿ, ಅಂದು ಒಳಮನಸ್ಸು ಹೇಳಿದ್ದನ್ನು ಕೇಳಿ ಮೀಸಲು ಪಡೆಯನ್ನು ಕರೆಸಬೇಕಿತ್ತು ಎಂದು ನೊಂದು ಬರೆದಿದ್ದಾರೆ. 1967ರ ಗೆಲುವಿನ ಅಮಲು, ಎದುರಾಳಿಯ ಶಕ್ತಿಯ ಬಗ್ಗೆ ತಾತ್ಸಾರ, ಗೆದ್ದ ನೆಲದ ವಿಷಯದಲ್ಲಿ ಮಾತುಕತೆಗೆ ಆತುರವಿಲ್ಲದ ರಾಜಕೀಯ, ಇವೆಲ್ಲ ಒಬ್ಬ ಅಧಿಕಾರಿ ಹುಟ್ಟಿಸಿದ ರೋಗಗಳಲ್ಲ. ಹಾಗಾಗಿ ಇಡೀ ಹೊರೆಯನ್ನು ಝೈರಾ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಇತರರ ತಪ್ಪಿನಿಂದ ಅವರ ತಪ್ಪು ಕರಗುವುದೂ ಇಲ್ಲ. ಇತರರು ಕೈಯಲ್ಲಿದ್ದ ಮಾಹಿತಿಯನ್ನು ಸರಿಯಾಗಿ ಬಳಸಲಿಲ್ಲ. ಝೈರಾ ಆ ಮಾಹಿತಿಯನ್ನೇ ಕತ್ತರಿಸಿ ಕೊಟ್ಟರು.

ನಿವೃತ್ತಿಯ ನಂತರ ಝೈರಾ ಮತ್ತೊಂದು ವಾದ ಹೂಡಿದರು. 1993ರಲ್ಲಿ ಬರೆದ ಪುಸ್ತಕದಲ್ಲಿ, ಮೊಸಾದ್ ಅಷ್ಟು ನಂಬಿದ್ದ ಆ ಈಜಿಪ್ಟಿನ ಮೂಲ ನಿಜಕ್ಕೂ ಎರಡೂ ಕಡೆಯ ಗೂಢಚಾರನಾಗಿದ್ದು ಇಸ್ರೇಲನ್ನು ದಾರಿ ತಪ್ಪಿಸಿತು ಎಂದರು. ಹಾಗಿದ್ದರೆ ವೈಫಲ್ಯ ಅಮಾನ್‌ನದಲ್ಲ, ಮೊಸಾದ್‌ನದು ಎಂದಾಗುತ್ತದೆ. ಈ ವಾದಕ್ಕೆ ಕೆಲವರ ಬೆಂಬಲವಿದ್ದರೂ, ಯುದ್ಧ ನಾಳೆಯೇ ಎಂದು ಹಿಂದಿನ ರಾತ್ರಿ ಹೇಳಿದವರು ಆ ಮೂಲವೇ ಎಂಬ ಸಂಗತಿಯನ್ನು ಅದು ವಿವರಿಸುವುದಿಲ್ಲ. ಮೋಸಗೊಳಿಸಲು ಬಂದವನು ಕೊನೆಯ ಗಳಿಗೆಯಲ್ಲಿ ಅತಿ ಬೆಲೆಬಾಳುವ ಗುಟ್ಟನ್ನು ಯಾಕೆ ಬಿಟ್ಟುಕೊಡಬೇಕು? ಇಷ್ಟಕ್ಕೇ ನಿಂತಿದ್ದರೆ ಇದೊಂದು ವಿದ್ವತ್ ಚರ್ಚೆಯಾಗಿ ಉಳಿಯುತ್ತಿತ್ತು. 2002ರಲ್ಲಿ ಮರ್ವಾನ್ ಅವರ ಹೆಸರು ಬಹಿರಂಗವಾಯಿತು. ಆ ಹೆಸರು ಹೊರಬಿದ್ದದ್ದು ಝೈರಾ ಅವರಿಂದ ಎಂದು ಝಮೀರ್ ಆರೋಪಿಸಿದರು. ಮಧ್ಯಸ್ಥಿಕೆ ವಹಿಸಿದ ನಿವೃತ್ತ ನ್ಯಾಯಮೂರ್ತಿ ಥಿಯೋಡೋರ್ ಓರ್ 2007ರಲ್ಲಿ ಝಮೀರ್ ಅವರ ಮಾತನ್ನೇ ಎತ್ತಿಹಿಡಿದರು. ಅದೇ ವರ್ಷ ಜೂನ್ 27ರಂದು ಮರ್ವಾನ್ ಲಂಡನ್ನಿನ ತಮ್ಮ ಮನೆಯ ಮಹಡಿಯಿಂದ ಬಿದ್ದು ಸತ್ತರು. ಅದು ಹೇಗಾಯಿತೆಂಬುದು ಬ್ರಿಟನ್ನಿನ ವಿಚಾರಣೆಯಲ್ಲಿ ಇತ್ಯರ್ಥವಾಗಲಿಲ್ಲ, ಹಾಗಾಗಿ ಅದರ ಹೊಣೆಯನ್ನು ಯಾರ ಮೇಲೂ ಹೊರಿಸುವಂತಿಲ್ಲ. ಝೈರಾ ಅವರ ಮೇಲೆ ಮೊಕದ್ದಮೆ ಹೂಡುವುದು ಬೇಡವೆಂದು ಸರ್ಕಾರಿ ವಕೀಲರು ಮುಂದೆ ತೀರ್ಮಾನಿಸಿದರು. ಒಂದಂತೂ ಹೇಳಬಹುದು. ಎಚ್ಚರಿಸಬೇಕಾದಾಗ ಗುಟ್ಟನ್ನು ಹಿಡಿದಿಟ್ಟವರು, ಸಮರ್ಥಿಸಿಕೊಳ್ಳುವ ಹೊತ್ತು ಬಂದಾಗ ಗುಟ್ಟನ್ನು ಹಿಡಿದಿಡಲಿಲ್ಲ. ಎರಡೂ ಸಲ ಮಾಹಿತಿ ತಮ್ಮ ಸ್ವಂತದ್ದು ಎಂಬಂತೆ ನಡೆದುಕೊಂಡರು.

ಯುದ್ಧದ ಪಾಠವಾಗಿ ಇಸ್ರೇಲ್ ವ್ಯವಸ್ಥೆಯನ್ನು ತಿದ್ದಿತು. ಅಂದಾಜು ಕಟ್ಟುವ ಕೆಲಸದಲ್ಲಿ ಮೊಸಾದ್ ಮತ್ತು ವಿದೇಶಾಂಗ ಇಲಾಖೆಗೂ ಪಾಲು ಸಿಕ್ಕಿತು. ಒಪ್ಪಿತ ಅಭಿಪ್ರಾಯಕ್ಕೆ ವಿರುದ್ಧವಾಗಿ ವಾದಿಸುವುದನ್ನೇ ಕೆಲಸವಾಗಿಸಿಕೊಂಡ ಒಂದು ಪುಟ್ಟ ವಿಭಾಗ ಅಮಾನ್‌ನೊಳಗೇ ಹುಟ್ಟಿತು. ನಮ್ಮಲ್ಲೂ 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ, ಸಂಸ್ಥೆಗಳ ನಡುವೆ ಮಾಹಿತಿ ಸರಿಯಾಗಿ ಹರಿಯದಿದ್ದುದನ್ನು ಎತ್ತಿ ತೋರಿಸಿತು. 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ಸ್ಥಾಪನೆಯಾಯಿತು. ಇಂಥ ಸುಧಾರಣೆಗಳು ಬೇಕು, ಆದರೆ ಅವಷ್ಟೇ ಸಾಲವು. 1973ರ ಯುದ್ಧಕ್ಕೆ ಐವತ್ತು ವರ್ಷ ತುಂಬಿದ ಮರುದಿನ, 2023ರ ಅಕ್ಟೋಬರ್ 7ರಂದು, ಹಮಾಸ್ ಗಾಜಾದ ಬೇಲಿ ಮುರಿದು ನುಗ್ಗಿ ಸುಮಾರು 1,200 ಜನರನ್ನು ಕೊಂದಿತು. ಅದರ ಬೆನ್ನಿಗೆ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಪ್ರಾಣ ಕಳೆದುಕೊಂಡರು. ಆ ದಾಳಿಯ ಯೋಜನೆಯ ದಾಖಲೆ ಅಮಾನ್‌ನ ಕೈಯಲ್ಲಿ ಮೊದಲೇ ಇತ್ತು, ಕೆಳಹಂತದ ಸಿಬ್ಬಂದಿ ಎಚ್ಚರಿಸಿಯೂ ಇದ್ದರು. ಹಮಾಸ್‌ಗೆ ಈಗ ಯುದ್ಧ ಬೇಡ ಎಂಬ ಸಿದ್ಧಾಂತ ಮೇಲ್ಮಟ್ಟದಲ್ಲಿ ಗಟ್ಟಿಯಾಗಿತ್ತು. ಅಮಾನ್ ಮುಖ್ಯಸ್ಥ ಅಹರೋನ್ ಹಲೀವಾ 2024ರ ಏಪ್ರಿಲ್‌ನಲ್ಲಿ ರಾಜೀನಾಮೆ ಘೋಷಿಸಿದರು. ಭಿನ್ನ ಅಭಿಪ್ರಾಯಕ್ಕೆಂದೇ ಒಂದು ವಿಭಾಗ ಇದ್ದರೂ, ಅದರ ಮಾತನ್ನು ಮೇಲಕ್ಕೆ ಮುಟ್ಟಿಸುವ ಮನಸ್ಸು ಕುರ್ಚಿಯಲ್ಲಿ ಕುಳಿತವರಿಗೆ ಇರಬೇಕು.

ಆದ್ದರಿಂದ ಝೈರಾ ಅವರ ವೃತ್ತಿಜೀವನವನ್ನು ಶತ್ರುವಿನಿಂದ ಮೋಸಹೋದ ಒಬ್ಬ ಜಾಣನ ಕತೆ ಎಂದು ಓದುವುದು ಸಾಲದು. ಅದು ಅಧಿಕಾರದ ಮೇರೆ ಮೀರಿದ ಕತೆ. ನಾಗರಿಕ ಸರ್ಕಾರವಿರುವ ದೇಶದಲ್ಲಿ ಯುದ್ಧಸಿದ್ಧತೆಯ ನಿರ್ಧಾರ ಜನರಿಗೆ ಉತ್ತರ ಕೊಡಬೇಕಾದವರದು. ಅವರಿಗೆ ಬರೀ ತೀರ್ಮಾನವನ್ನು ಕೊಟ್ಟು ಅದರ ಸಂಶಯಗಳನ್ನು ತಡೆಹಿಡಿಯುವ ಅಧಿಕಾರಿ, ಎಷ್ಟೇ ಸದುದ್ದೇಶದಿಂದ ಹಾಗೆ ಮಾಡಿದರೂ, ಅವರ ಅಧಿಕಾರವನ್ನು ಕಸಿದುಕೊಂಡಂತೆಯೇ. ಗುಪ್ತಚರ ಮುಖ್ಯಸ್ಥರಿಂದ ಯಾವುದೇ ಸರ್ಕಾರ ಮೂರು ಪ್ರಶ್ನೆಗಳಿಗೆ ಉತ್ತರ ಕೇಳಬೇಕು: ನಿಮಗೆ ಏನು ಗೊತ್ತು, ಏನು ಗೊತ್ತಿಲ್ಲ, ಏನು ಕಂಡರೆ ನಿಮ್ಮ ಅಭಿಪ್ರಾಯ ಬದಲಿಸುತ್ತೀರಿ? 1973ರ ಅಕ್ಟೋಬರ್ 5ರ ಶುಕ್ರವಾರ ಈ ಮೂರರಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಉತ್ತರ ಝೈರಾ ಅವರ ಬಳಿ ಇತ್ತು, ಅದು ಸರ್ಕಾರಕ್ಕೆ ಹೊತ್ತಿಗೆ ತಲುಪಲಿಲ್ಲ. ಅವರು ಹುದ್ದೆ ಕಳೆದುಕೊಂಡದ್ದು ನ್ಯಾಯವೇ. ಅಂದಾಜು ತಪ್ಪಿದ್ದಕ್ಕಾಗಿ ಅಲ್ಲ, ಈ ಎರಡು ಉತ್ತರಗಳನ್ನು ತಮ್ಮಲ್ಲೇ ಉಳಿಸಿಕೊಂಡಿದ್ದಕ್ಕಾಗಿ.